ಲಾಬಿಯ ಗೋಡೆಯಿಂದ ತೆಗೆದ ರಾಜಕಾಲುವೆ

ಜಕ್ಕೂರಿನ ನಮ್ಮ ಅಪಾರ್ಟ್‌ಮೆಂಟಿನ ಕಟ್ಟಡಗಳಿಗೆಲ್ಲ ರಾಜವಂಶಗಳ ಹೆಸರಿದೆ. ನಾನಿರುವುದು ಮಿಂಗ್‌ನಲ್ಲಿ. ಎದುರಿಗೆ ಟ್ಯೂಡರ್, ಈಜುಕೊಳದ ಕಡೆಗೆ ಮೊಘಲ್. ನಾನು ಯಲಹಂಕದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆಂದು ತಿಳಿದು, ರಾಜ್ಯೋತ್ಸವಕ್ಕೆ ಮುಂಚೆ ನಿವಾಸಿಗಳ ಸಂಘದ ಅಧ್ಯಕ್ಷರು ಮನೆಗೆ ಬಂದರು. ಈ ಜಾಗ ಹಿಂದೆ ಅವರ ಮನೆತನದ ಗದ್ದೆ. ಅದನ್ನು ಬಿಲ್ಡರ್‌ಗೆ ಕೊಟ್ಟು, ಬದಲಿಗೆ ಬಂದ ಫ್ಲ್ಯಾಟುಗಳಲ್ಲೊಂದರಲ್ಲಿ ತಾಯಿಯ ಜೊತೆ ಇದ್ದಾರೆ. ಪ್ರಪಂಚದ ದೊಡ್ಡ ರಾಜವಂಶಗಳು ಏನೇನು ಬಿಟ್ಟುಹೋದವು ಎಂದು ಬರೆದುಕೊಡಿ, ಲಾಬಿಯ ಗೋಡೆಗೆ ದೊಡ್ಡ ಫಲಕ ಮಾಡಿಸುತ್ತೇವೆ ಎಂದರು. ನಾನು ಖುಷಿಯಿಂದ ಒಪ್ಪಿಕೊಂಡೆ.

ಯಾರ ರಾಜ್ಯ ಎಷ್ಟು ದೊಡ್ಡದಿತ್ತು ಎಂದು ಬರೆಯುವುದು ನನಗೆ ಬೇಕಿರಲಿಲ್ಲ. ನಮ್ಮೂರು ವಿಜಯಪುರ. ಬೇಸಿಗೆಯಲ್ಲಿ ನಲ್ಲಿ ಒಣಗಿದರೆ ನಮ್ಮವ್ವ ಆದಿಲ್‌ಶಾಹಿಗಳ ಕಾಲದ ಬಾವಡಿಗೆ ಬಟ್ಟೆ ಒಗೆಯಲು ಹೋಗುತ್ತಿದ್ದಳು. ಸುಲ್ತಾನರ ಯುದ್ಧಗಳು ಅವಳಿಗೆ ಗೊತ್ತಿರಲಿಲ್ಲ, ಬಾವಡಿಯ ಮೆಟ್ಟಿಲು ಗೊತ್ತಿತ್ತು. ಹಾಗಾಗಿ ಇಂದಿಗೂ ಜನರ ಬಳಕೆಯಲ್ಲಿ ಏನು ಉಳಿದಿದೆ ಎಂಬುದನ್ನಷ್ಟೇ ಹೋಲಿಸಿದೆ. ಫ್ರಾನ್ಸಿನ ಬೂರ್ಬೋನ್ ದೊರೆಗಳ ಅರಮನೆಗೆ ಜನ ಟಿಕೆಟ್ ತೆಗೆದು ಹೋಗಿ, ನೋಡಿ ಬರುತ್ತಾರೆ. ಚೋಳರು ಕಾವೇರಿಗೆ ಕಟ್ಟಿದ ಅಣೆಯಿಂದ ಗದ್ದೆಗೆ ಈಗಲೂ ನೀರು ಹೋಗುತ್ತದೆ. ಚೀನಾದ ಸೂಯಿ ವಂಶ ಬಲುಬೇಗ ಅಳಿದರೂ, ಬಡವರನ್ನು ಬಿಟ್ಟಿ ದುಡಿಸಿ ಸಾಯಿಸಿ ಅವರು ತೋಡಿಸಿದ ಮಹಾಕಾಲುವೆಯಲ್ಲಿ ದೋಣಿಗಳು ಇನ್ನೂ ಓಡಾಡುತ್ತಿವೆ.

ಕೊನೆಗೆ ಯಲಹಂಕದ ನಾಡಪ್ರಭುಗಳ ಬಗ್ಗೆ ಒಂದು ಪ್ಯಾರಾ ಬರೆದೆ. ಚಿಕ್ಕ ವಂಶ. ಅವರ ಕಾಲದಲ್ಲಿ ಈ ಸೀಮೆಯ ಜನ ಕಟ್ಟಿದ ಕೆರೆಗಳು ಒಂದು ತುಂಬಿದರೆ ಇನ್ನೊಂದಕ್ಕೆ ಹರಿಯುತ್ತಿದ್ದವು. ಹಾಗೆ ಹರಿಸುವ ದಾರಿಯೇ ರಾಜಕಾಲುವೆ, ಅದರ ಒಂದು ತುಂಡು ನಮ್ಮ ವಿಸಿಟರ್ ಪಾರ್ಕಿಂಗಿನ ಕಾಂಕ್ರೀಟಿನಡಿ ಇದೆ ಎಂದು ಮುಗಿಸಿದೆ.

ಮರುದಿನವೇ ಅಧ್ಯಕ್ಷರ ಫೋನ್ ಬಂತು. ‘ಎಲ್ಲಾ ಚೆನ್ನಾಗೈತೆ ಮೇಡಂ. ಆ ಕೊನೇದೊಂದು ಬೇಡ ಬಿಡಿ. ಪ್ರಪಂಚದ್ ರಾಜ್ರ ಮಧ್ಯ ನಮ್ ಮೋರಿ ಯಾಕೆ?’

ಅದು ಮೋರಿಯಲ್ಲ, ರಾಜಕಾಲುವೆ ಎಂದೆ.

‘ಇಂಗೆಲ್ಲ ಗೋಡೆ ಮ್ಯಾಲೆ ಬರುದ್ರೆ ನಾಳೆ ಒಡ್ಯಾಕೆ ಜೆಸಿಬಿ ಬರ್ತದೆ. ಆಗ ಯಾರ್ ನಿಲ್ತಾರೆ, ನೀವಾ?’

ಹಾಗಾದರೆ ನನ್ನ ಬರಹವೇ ಬೇಡ ಎಂದು ಹೇಳಿದೆ. ನೋಡೋಣ ಎಂದು ಫೋನಿಟ್ಟರು.

ರಾಜ್ಯೋತ್ಸವದ ಬೆಳಿಗ್ಗೆ ಬಾವುಟ ಹಾರಿಸಿ, ನಾಡಗೀತೆ ಹಾಡಿ, ಫಲಕದ ಮೇಲಿನ ಬಟ್ಟೆ ಸರಿಸಿದರು. ಕೊನೆಯ ಪ್ಯಾರಾ ಇರಲಿಲ್ಲ. ಬಿಟ್ಟಿ ದುಡಿದು ಸತ್ತವರ ಮಾತೂ ಇರಲಿಲ್ಲ. ಆ ಜಾಗದಲ್ಲಿ, ಈ ಮಹಾನ್ ಪರಂಪರೆಯನ್ನು ನಮ್ಮ ಬಿಲ್ಡರ್ ಮುಂದುವರಿಸಿದ್ದಾರೆ ಎಂದಿತ್ತು. ಕೆಳಗೆ ಬರೆದವರು ಎಂದು ನನ್ನ ಹೆಸರು. ಕೇಳಲೆಂದು ಅಧ್ಯಕ್ಷರ ಕಡೆಗೆ ಹೊರಟೆ. ಅಷ್ಟರಲ್ಲಿ ಎರಡು ಮಾತಾಡಿ ಎಂದು ನನ್ನನ್ನೇ ಕರೆದರು.

ಮೈಕ್ ಹಿಡಿದು, ತೆಗೆದುಹಾಕಿದ ಪ್ಯಾರಾವನ್ನು ಬಾಯಿಪಾಠದಲ್ಲೇ ಹೇಳಿದೆ. ಕಾಂಕ್ರೀಟಿನ ಮಾತು ಬರುವಷ್ಟರಲ್ಲಿ ಮೈಕ್ ಆಫ್ ಆಯಿತು. ಇಷ್ಟು ವರ್ಷ ಪಾಠ ಮಾಡಿದ ಗಂಟಲು, ಮೈಕ್ ಇಲ್ಲದೆಯೇ ಮುಗಿಸಿದೆ. ಯಾರೋ ಇದೆಲ್ಲ ಸುಳ್ಳು ಎಂದರು. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಅಧ್ಯಕ್ಷರ ತಾಯಿ ಎದ್ದು ನಿಂತರು.

‘ಸುಳ್ಳಲ್ಲ ಕಣ್ರಪ್ಪ. ಮದ್ವೆಯಾಗಿ ಬಂದಾಗ ಆ ಕಾಲ್ವೇಲೇ ದನದ ಮೈ ತೊಳೀತಿದ್ದೆ.’

‘ನೀನ್ ಸುಮ್ಕೆ ಕೂತ್ಕೊಳಮ್ಮ’ ಎಂದರು ಮಗ. ಆಕೆ ಸೆರಗು ಎಳೆದುಕೊಂಡು ಕೂತುಬಿಟ್ಟರು. ಅಷ್ಟು ಜನರ ಮುಂದೆ, ತಾನು ಕಣ್ಣಾರೆ ಕಂಡದ್ದನ್ನು ಹೇಳಿದ ಮುದುಕಿಯ ಬಾಯಿ ಮುಚ್ಚಿಸಿದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಫಲಕದಿಂದ ನನ್ನ ಹೆಸರು ತೆಗೆಯಿರಿ ಎಂದು ಪಟ್ಟುಹಿಡಿದೆ. ಅದರ ಮೇಲೆ ಟೇಪ್ ಅಂಟಿಸಿದರು. ಲಿಫ್ಟಿನಲ್ಲಿ ಸಿಕ್ಕವರು ನೀವು ಹೇಳಿದ್ದು ಸರಿ ಎಂದು ಪಿಸುಗುಟ್ಟುತ್ತಾರೆ, ಆದರೆ ಸಂಘದ ಸಭೆಯಲ್ಲಿ ನಾನು ಕ್ಷಮೆ ಕೇಳಬೇಕೆಂಬ ಮಾತು ಬಂದಾಗ ಒಬ್ಬರೂ ಬಾಯಿ ತೆರೆಯಲಿಲ್ಲ. ನಾನು ಕೇಳಲಿಲ್ಲ. ಅರಸರು ಸುಲಿದರು, ಕೊಂದರು, ನಿಜ. ಆದರೂ ಹರಿಯುವ ನೀರಿಗೆ ದಾರಿ ಬಿಟ್ಟುಹೋದವರಿದ್ದರು. ಅರಸರ ಹೆಸರನ್ನು ಕಟ್ಟಡಗಳಿಗೆ ಇಟ್ಟುಕೊಂಡ ನಾವು ಒಂದೇ ತಲೆಮಾರಿನಲ್ಲಿ ಆ ದಾರಿ ಮುಚ್ಚಿ, ಮೇಲೆ ಕಾರು ನಿಲ್ಲಿಸಿದ್ದೇವೆ.

ನಾನು ಪಾಲಿಕೆಗೆ ದೂರು ಕೊಟ್ಟೆ. ಅಳೆಯುವವರು ಬಂದರು, ಸಂಘದ ಕಚೇರಿಯಲ್ಲಿ ಕಾಫಿ ಕುಡಿದರು, ಅಳತೆಯ ಟೇಪು ಬಿಚ್ಚದೆಯೇ ಹೋದರು. ಮಾರನೆಯ ದಿನ ಕಾಲೇಜಿಗೆ ಅರ್ಧ ದಿನ ರಜೆ ಹಾಕಿ, ಮತ್ತೊಂದು ದೂರು ಬರೆದುಕೊಟ್ಟು ಬಂದೆ. ಈ ಸಲ ಅಧ್ಯಕ್ಷರ ತಾಯಿ, ತಮ್ಮ ಹೆಸರನ್ನೂ ಸೇರಿಸು ಎಂದು ಪಾರ್ಕಿನಲ್ಲಿ ನನ್ನ ಕೈ ಹಿಡಿದು ಹೇಳಿದ್ದರು. ಸೇರಿಸಿದ್ದೇನೆ.