ಕಾಕು ಮಾಡಿದ ಪಾರ್ಟಿ ದೋಸೆ

ಮೊನ್ನೆ ಬೇಕರಿಯಲ್ಲಿ ಬ್ರೆಡ್ಡು ಕಟ್ಟಿಸುತ್ತಿದ್ದಾಗ ಒಳಗಿನಿಂದ ಹುದುಗಿದ ಹಿಟ್ಟಿನ ವಾಸನೆ ಬಂತು. ಯೀಸ್ಟಿನ ವಾಸನೆ. ಪೊಟ್ಟಣ ಹಿಡಿದು ಹಾಗೇ ನಿಂತುಬಿಟ್ಟೆ... ಸೊಲ್ಲಾಪುರದ ನಮ್ಮ ಗಲ್ಲಿಯ ಎದುರು ಮನೆ ಕಾಕು ನೆನಪಾದರು; ಚಿಕ್ಕಮ್ಮನಿಗೆ ಅಲ್ಲಿ ಕಾಕು ಅನ್ನುತ್ತಾರೆ.

ತೊಂಬತ್ತರ ದಶಕದ ಮಾತು. ಕಾಕುವಿನ ಯಜಮಾನರು ಕಚೇರಿಯೊಂದರಲ್ಲಿ ಕ್ಲಾರ್ಕು. ಗಲ್ಲಿಯವರೆಲ್ಲ ಆಕೆಯನ್ನು ‘ಕ್ಲಾರ್ಕ್ ಸಾಹೇಬರ ಮನಿಯವರು’ ಅನ್ನುತ್ತಿದ್ದರು. ಕಾಕುವಿಗೆ ಅದು ಸೇರುತ್ತಿರಲಿಲ್ಲ. ತನ್ನ ಕೈ ಅಡುಗೆಯಿಂದ ನಾಲ್ಕು ಜನ ತನ್ನನ್ನು ಗುರುತಿಸಬೇಕೆಂಬ ಆಸೆ. ಅಡುಗೆ ಕ್ಲಾಸಿಗೆ ಹೋಗಿ, ಯೀಸ್ಟ್ ಹಾಕಿ ಉಬ್ಬಿಸಿದ, ಬಿಸ್ಕೀಟಿನಷ್ಟಗಲದ ದೋಸೆ ಕಲಿತು ಬಂದರು. ಅಲ್ಲಿ ಬರೀ ಮೈದಾ. ಕಾಕು ಅರ್ಧ ಜೋಳದ ಹಿಟ್ಟು ಬೆರೆಸಿದರು. ಮೇಲೆ ಒಂದು ಚಮಚ ಚಕ್ಕಾ, ಅಂದರೆ ನೀರು ಬಸಿದ ಗಟ್ಟಿ ಮೊಸರು. ಅದರ ಮೇಲೆ ಚಿಟಿಕೆ ಶೇಂಗಾ ಚಟ್ನಿ. ನಾನಂತೂ ಒಮ್ಮೆಲೇ ಹನ್ನೆರಡು ತಿಂದವಳು.

ಪೇಟೆಯ ಸೀರೆ ವ್ಯಾಪಾರಿಯೊಬ್ಬರ ಮನೆಯಿಂದ ಮೊದಲ ಆರ್ಡರ್ ಬಂತು. ಸಂಜೆ ಪಾರ್ಟಿಗೆ ಇನ್ನೂರು ದೋಸೆ. ಇದೊಂದು ಚೆನ್ನಾಗಿ ಆಗದಿದ್ದರೆ ಮುಂದೆ ಆರ್ಡರಿನ ಹೆಸರೆತ್ತಬಾರದೆಂದು ಯಜಮಾನರು ಕಟ್ಟಪ್ಪಣೆ ಮಾಡಿದ್ದರು. ನಾನು ಕಾಲೇಜಿಗೆ ಚಕ್ಕರ್ ಹೊಡೆದು ಬೆಳಗಿನಿಂದ ಕಾಕುವಿನ ಅಡುಗೆಮನೆಯಲ್ಲೇ ಇದ್ದೆ.

ಕಾಕುವಿನದೊಂದು ನೇಮ. ದೇವರಿಗೆ ನೈವೇದ್ಯ ತೋರಿಸದೆ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ, ರುಚಿ ನೋಡಲಿಕ್ಕೂ ಇಲ್ಲ. ಗುರುವಾರಕ್ಕೊಮ್ಮೆ ಎಸ್‌ಟಿ ಬಸ್ಸು ಹತ್ತಿ ಅಕ್ಕಲಕೋಟೆಯ ತವರಿಗೆ ಹೋಗಿ, ಮನೆದೇವರ ನೈವೇದ್ಯಕ್ಕೆ ಅಡುಗೆ ಮಾಡಿ ಬರುವವರು. ಉಪ್ಪು ಹೆಚ್ಚೋ ಕಡಿಮೆಯೋ ಮೂಗಿನಲ್ಲೇ ಹೇಳುತ್ತಿದ್ದರು. ಆದರೆ ಯೀಸ್ಟಿನ ಹುಳಿ ಘಾಟು ಆ ಮೂಗಿಗೂ ಮೋಸ ಮಾಡಿತು. ಹಿಟ್ಟು ಉಬ್ಬಿದ ಮೇಲೆ ಉಪ್ಪು ಹಾಕಬೇಕೆಂದು ಕ್ಲಾಸಿನಲ್ಲಿ ಹೇಳಿದ್ದರು. ದಿನವೂ ಕಲಸುವಾಗಲೇ ಹಾಕಿ ರೂಢಿಯಾದ ಕೈ, ಮರೆತೇಬಿಟ್ಟಿತು.

ನನಗೆ ಹೇಗೆ ಗೊತ್ತಾಯಿತೆಂದರೆ... ಕದ್ದು ತಿಂದಿದ್ದೆ. ಕಾಕು ಹಿತ್ತಲಿಗೆ ಹೋದಾಗ ಬುಟ್ಟಿಯಿಂದ ಒಂದು ಎತ್ತಿ ಕಚ್ಚಿದೆ. ಸಪ್ಪೆ. ಇದೊಂದೇ ಹೀಗಿರಬಹುದೆಂದು ಅದೇ ಎಂಜಲು ಕೈಯನ್ನು ಮತ್ತೆ ಬುಟ್ಟಿಗೆ ಹಾಕಿದೆ, ಹುಚ್ಚಿ ನಾನು. ಬಾಯಿಬಿಟ್ಟರೆ ಬುಟ್ಟಿ ಪೂರ್ತಿ ಎಂಜಲು. ಬಿಡದಿದ್ದರೆ ಪಾರ್ಟಿಯಲ್ಲಿ ಕಾಕುವಿನ ಮಾನ ಹೋಗುತ್ತದೆ. ಅವರು ಒಳಗೆ ಬಂದು ನೈವೇದ್ಯಕ್ಕೆಂದು ತಟ್ಟೆ ತೆಗೆಯುವುದರೊಳಗೆ ಎಲ್ಲ ಹೇಳಿಬಿಟ್ಟೆ.

ಕಾಕು ಬುಟ್ಟಿ ನೋಡಿದರು, ಗಡಿಯಾರ ನೋಡಿದರು. ಇನ್ನೊಮ್ಮೆ ಹಿಟ್ಟು ಉಬ್ಬಿಸಲು ಹೊತ್ತಿರಲಿಲ್ಲ. ಮೆಲ್ಲಗೆ ಅಂದರು:

‘ನೀ ಏನೂ ತಿಂದಿಲ್ಲ. ನಾ ಏನೂ ಕೇಳಿಲ್ಲ. ತಿಳೀತೇನು?’

ಚಕ್ಕಾಕ್ಕೆ ಉಪ್ಪು ಕಲಸಿದರು, ಚಟ್ನಿಗೂ ಒಂದಿಷ್ಟು. ಎಂಜಲಾದದ್ದನ್ನು ದೇವರಿಗೆ ಇಡಲಾದೀತೇ? ಆ ದಿನ ಅವನ ಮುಂದೆ ಬರೀ ಸಕ್ಕರೆ ಇಟ್ಟರು. ಪಾರ್ಟಿಯಲ್ಲಿ ಒಂದು ದೋಸೆಯೂ ಉಳಿಯಲಿಲ್ಲ. ಆಮೇಲೆ ಆರ್ಡರುಗಳು ಬರುತ್ತಲೇ ಹೋದವು; ಊರಾಚೆಯ ಮಂದ್ರೂಪದಿಂದಲೂ ಕಾಕುವಿನ ಮನೆ ಕೇಳಿಕೊಂಡು ಬಂದರು. ಕಾಕು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಪಾರಾದೆ ಅಂದುಕೊಂಡೆ. ಮದುವೆಯಾಗಿ ಪುಣೆಗೆ ಹೋದೆ, ಮರೆತೆ.

ಹೋದ ವರ್ಷ ಕಾಕು ತೀರಿಕೊಂಡರು. ಅಕ್ಕಲಕೋಟೆಗೆ ಹೋಗಿ ಅವರ ತಮ್ಮನ ಹೆಂಡತಿಯನ್ನು ಮಾತಾಡಿಸಿದೆ. ಇನ್ನು ಗುರುವಾರದ ನೈವೇದ್ಯ ಯಾರು ಮಾಡುತ್ತೀರಿ ಎಂದು ಕೇಳಿದೆ.

‘ಎಷ್ಟೋ ವರ್ಷದಿಂದ ನಾನೇ ಮಾಡ್ತೀನ್ರಿ. ಅಕ್ಕಾರು ಪಾರ್ಟಿ ಆರ್ಡರ್ ಸುರು ಮಾಡಿದ್ರಲ್ಲ, ಆವತ್ತಿನಿಂದ ಇಲ್ಲಿ ಒಲಿ ಮುಂದ ಕೂಡಲೇ ಇಲ್ಲ. ನನ್ನ ಕೈ ಇನ್ನ ದೇವರಿಗೆ ನಡ್ಯಾಂಗಿಲ್ಲವ್ವ ಅಂತಿದ್ರು. ಪ್ರತಿ ಗುರುವಾರ ಬಂದು, ಹೊರಗ ಕೂತು ಬರೇ ಕಾಯಿಪಲ್ಯ ಹೆಚ್ಚಿ ಕೊಡ್ತಿದ್ರು.’

ಎಂಜಲೆಂದು ತಿಳಿದೂ ಪಾರ್ಟಿಗೆ ಕಳಿಸಿದ್ದನ್ನು ಕಾಕು ಅವರಿಗೂ ಹೇಳಿರಲಿಲ್ಲ. ಹೇಳಿದ್ದರೆ ನನ್ನ ಹೆಸರು ಬರುತ್ತಿತ್ತಲ್ಲ... ನಾನು ಸೊಲ್ಲಾಪುರದ ತವರಿಗೆ ಬಂದಾಗಲೆಲ್ಲ ಕಾಕುವಿನ ಮನೆಯಲ್ಲಿ ಚಹಾ ಕುಡಿದು ಹರಟಿ ಹೋಗುತ್ತಿದ್ದೆ. ತಪ್ಪಾಯಿತು ಕಾಕು ಎಂದು ಒಂದು ಸಲವೂ ಅನ್ನಲಿಲ್ಲ. ಈಗ ಅನ್ನುತ್ತೇನೆ, ಕೇಳುವವರಿಲ್ಲ.