ಅಂಚು ಹುಡುಕುವ ಬೆರಳುಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಕೆಂಪು ಕಾರೊಂದು ನಿಂತಿದೆ. ವರ್ಷಗಟ್ಟಲೆ ಬಿಸಿಲು ತಿಂದು ಅದರ ಬಾನೆಟ್ಟು ಬಿಳಿಚಿಕೊಂಡು ಈರುಳ್ಳಿಯಂತೆ ಸಿಪ್ಪೆ ಬಿಡುತ್ತಿದೆ. ಬಣ್ಣದ ಮೇಲೆ ಹೊಳಪಿಗೆಂದು ಹೊಡೆಯುವ ಕ್ಲಿಯರ್‌ಕೋಟ್ ಎದ್ದರೆ ಹೀಗಾಗುತ್ತದೆ. ಪೇಂಟರ್ ನೀರು ಚಿಮುಕಿಸಿ, ಮರದ ತುಂಡಿಗೆ ಎಮರಿ ಪೇಪರ್ ಸುತ್ತಿ ಉಜ್ಜುತ್ತಾರೆ. ಒರೆಸಿ ಪಕ್ಕಕ್ಕೆ ಸರಿಯುತ್ತಾರೆ. ಆಗ ಅವರ ಹೆಂಡತಿ ಮುಂದೆ ಬಂದು, ಕಣ್ಣು ಮುಚ್ಚಿ, ಬಾನೆಟ್ ಮೇಲೆ ಬೆರಳಾಡಿಸುತ್ತಾರೆ.

"ಅಂಚು ಸಿಗ್ತಾ?"

"ಇಲ್ಲ ಕಣ್ರೀ. ನುಣ್ಣಗಾಗಿದೆ."

ರಸ್ತೆಯಲ್ಲಿ ಕಾರು ಫಳಫಳ ಹೊಳೆದರೆ ನಾವು ಹೊಗಳುವುದು ಮಾಲೀಕನನ್ನು. ಆ ಹೊಳಪಿಗೆ ಯಾರ ಕೈ ಸವೆಯಿತೆಂದು ಕೇಳುವವರಿಲ್ಲ. ಇವರ ಕೆಲಸ ನೋಡಲೆಂದು ಬಂದು ಕೂತ ನಾನೂ ಅದೇ ಜಾತಿ. ಪಾಲಿಶ್ ಹಚ್ಚಿದರೆ ಸಾಲದೇ ಎಂದು ಕೇಳಿ ಪೇಂಟರ್ ಕೈಲಿ ಬೈಸಿಕೊಂಡೆ.

"ಬೋಳು ತಲೆಗೆ ಎಣ್ಣೆ ಹಚ್ಚಿದ್ರೆ ಕೂದಲು ಬರುತ್ತಾ ಸಾರ್? ಬುರುಡೆ ಮಿಂಚುತ್ತೆ ಅಷ್ಟೇ. ಎದ್ದಿದ್ದನ್ನೆಲ್ಲ ಕಿತ್ತು, ಗಟ್ಟಿಯಾಗಿ ಕೂತಿರೋ ಜಾಗದ ತನಕ ಉಜ್ಜಬೇಕು. ಹಳೇ ಕೋಟಿನ ಅಂಚು ಬೆರಳಿಗೆ ಸಿಕ್ತು ಅಂದ್ರೆ, ಮೇಲೆ ಏನೇ ಹೊಡೀರಿ, ವರ್ಷದೊಳಗೆ ಅಲ್ಲಿಂದಾನೇ ಮತ್ತೆ ಸಿಪ್ಪೆ."

ಪೇಂಟರ್ ಬೆರಳಿಗೆ ಆ ಅಂಚು ಸಿಗದೆ ಮೂರು ವರ್ಷವಾಯಿತು. ಇಪ್ಪತ್ತೆಂಟು ವರ್ಷ ಬಣ್ಣ ತೆಳುವಾಗಿಸಲು, ಜಿಡ್ಡು ಒರೆಸಲು ಬಳಸುವ ಥಿನ್ನರನ್ನು ಬರಿದಾಗಿಯೇ ಮುಟ್ಟಿದ ಕೈ ಅದು. ಮೊದಮೊದಲು ಬೆರಳ ತುದಿ ಜುಮ್ಮೆನ್ನುತ್ತಿತ್ತು, ಆಮೇಲೆ ಅದೂ ನಿಂತಿತು. ಥಿನ್ನರ್ ಬಿಟ್ಟುಬಿಡಿ ಎಂದರು ಡಾಕ್ಟರು. ಬಿಟ್ಟರೆ ಬೇರೆ ಕೆಲಸ ಬರಬೇಕಲ್ಲ. ಕೆಲವು ದಿನ ಕೆನ್ನೆ ಒತ್ತಿ ಅಂಚು ಹುಡುಕಿದರು, ದಿನಾ ಶೇವ್ ಮಾಡಿದರೂ ಗಡ್ಡ ಅಡ್ಡ ಬಂತು.

"ನನ್ನ ನೋಡೋಕೆ ಬಂದಾಗಲೂ ಇಷ್ಟು ನೀಟಾಗಿ ಶೇವ್ ಮಾಡಿರಲಿಲ್ಲ ಇವರು" ಎಂದು ಹೆಂಡತಿ ನಗುತ್ತಾರೆ. ಕೊನೆಗೆ ಟೊಂಕ ಕಟ್ಟಿ ನಿಂತವರು ಅವರೇ. ತಿಂಗಳಿಗೆ ಆರೇಳು ಕಾರು ಇಬ್ಬರೂ ಸೇರಿ ಮುಗಿಸುತ್ತಾರೆ.

"ಗ್ಲೌಸ್ ತಂದುಕೊಟ್ಟಿದೀನಿ ಸಾರ್, ಹಾಕ್ಕೊಳಲ್ಲ" ಎಂದು ಪೇಂಟರ್ ದೂರುತ್ತಾರೆ.

"ಹಾಕ್ಕೊಂಡ್ರೆ ಅಂಚು ಹೇಗ್ರೀ ಗೊತ್ತಾಗುತ್ತೆ? ಥಿನ್ನರಲ್ಲಿ ಒರೆಸೋಕೆ ಹಾಕು, ಮುಟ್ಟೋಕೆ ತೆಗಿ, ಇದರಲ್ಲೇ ಹೊತ್ತು ಮುಳುಗುತ್ತೆ."

ಬಣ್ಣಕ್ಕೆ ಮುಂಚೆ ಹೊಡೆದ ಪ್ರೈಮರ್ ಒಣಗುತ್ತದೆ. ಕೆಂಪು ಬಣ್ಣದ ಮೊದಲ ಕೋಟ್ ಬೀಳುತ್ತದೆ. ಪೇಂಟರ್ ಸ್ಪ್ರೇ ಗನ್ ಕೆಳಗಿಳಿಸಿ ಬಾನೆಟ್ಟಿನತ್ತ ಬಗ್ಗುತ್ತಾರೆ. ನುಣ್ಣಗಾಗಿದೆ ಎಂದಿದ್ದ ಜಾಗದಲ್ಲೇ ಉದ್ದಕ್ಕೂ ಗೆರೆ ಎದ್ದಿದೆ.

"ಬೆಳಕು ಸಾಲದಾಯ್ತು. ನಂದೇ ತಪ್ಪು."

"ಬೆಳಕಿಗೂ ಬೆರಳಿಗೂ ಏನ್ರೀ ಸಂಬಂಧ?" ಹೆಂಡತಿ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ. "ವಾರದಿಂದ ಬೇಳೆಯಲ್ಲಿ ಕಲ್ಲು ಸಿಗ್ತಿಲ್ಲ ನಂಗೆ. ಅಪ್ಪ, ಮಗಳು ಇಬ್ರೂ ಕಲ್ಲು ಕಡೀತಿದ್ರಿ, ಒಬ್ರಾದ್ರೂ ಬಾಯಿ ಬಿಟ್ರಾ?"

ಪೇಂಟರ್ ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ.

ಬಣ್ಣ ಒಣಗಿದ ಮೇಲೆ ಮತ್ತೆ ಉಜ್ಜಾಟ. ಮತ್ತೆ ಅದೇ ಪ್ರಶ್ನೆ. ಈ ಸಲ ಹೆಂಡತಿ, "ಗೊತ್ತಾಗ್ತಿಲ್ಲ ಕಣ್ರೀ" ಎನ್ನುತ್ತಾರೆ.

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಮಗಳು ಬರುತ್ತಾಳೆ. ಟೈಲರ್ ಅಂಗಡಿಯಲ್ಲಿ ಅಂಗಿ ಗುಂಡಿಗೆ ಕಾಜಾ ಹೊಲಿಯುವ ಹುಡುಗಿ. ಡಬ್ಬಿ ಇಟ್ಟು, ಮಾತಾಡುತ್ತಲೇ ಒರೆಸಿದ ಥಿನ್ನರ್ ಇನ್ನೂ ಆರದ ಬಾನೆಟ್ ಮೇಲೆ ಕೈ ಊರುತ್ತಾಳೆ.

"ಅಪ್ಪಾ, ಇಲ್ಲಿ ಏನೋ ತಡೀತಿದೆ ನೋಡು."

"ಕೈ ತೆಗಿ!"

ಬೆಳಗ್ಗೆಯಿಂದ ದನಿ ಏರಿಸದ ಮನುಷ್ಯ ಶೆಡ್ಡು ಅದುರುವಂತೆ ಕೂಗುತ್ತಾರೆ. ಮಗಳ ಮಣಿಕಟ್ಟು ಹಿಡಿದು ನಲ್ಲಿಯ ಹತ್ತಿರ ಎಳೆದೊಯ್ಯುತ್ತಾರೆ. ಸೋಪು ಹಚ್ಚಿ ಒಂದೊಂದೇ ಬೆರಳನ್ನು ತಿಕ್ಕಿ ತೊಳೆಯುತ್ತಾರೆ. ಅವಳು ಸಾಕಪ್ಪ ಎಂದರೂ ಬಿಡುವುದಿಲ್ಲ.

"ಜಿಡ್ಡು ಹೋಯ್ತೇನಮ್ಮ? ನೀನೇ ನೋಡಿ ಹೇಳು. ನಂಗೆ ಗೊತ್ತಾಗಲ್ಲ."

ಕಾರಿನವರು ಸಂಜೆ ಬರುತ್ತಾರೆ. ಅಂಚು ಹೋಯಿತೋ ಇಲ್ಲವೋ ಎಂದು ಮುಟ್ಟಿ ಹೇಳಬಲ್ಲವಳು ಈಗ ಮಗಳೊಬ್ಬಳೇ. ಆದರೂ ಪೇಂಟರ್ ಅವಳನ್ನು ಊಟಕ್ಕೂ ನಿಲ್ಲಿಸದೆ ಅಂಗಡಿಗೆ ಅಟ್ಟುತ್ತಾರೆ. ಮುಂದೇನು ಮಾಡ್ತೀರಿ ಎಂದು ಕೇಳುತ್ತೇನೆ. ಹೋಗುತ್ತಿರುವ ಮಗಳನ್ನೇ ನೋಡುತ್ತ ಬೇರೇನೋ ಹೇಳುತ್ತಾರೆ.

"ಸೂಜಿ ಚುಚ್ಚಿದ್ರೆ ಅವಳಿಗೆ ನೋವಾಗಬೇಕು ಸಾರ್. ಕೊನೇ ತನಕ. ಅಷ್ಟಿದ್ರೆ ಸಾಕು ನಂಗೆ."