ಗರಗಸಕ್ಕೆ ಬಂದ ಜ್ವರ

ಮುನಿಶಾಮಪ್ಪನವರು ಯಾವ ಮಿಷಿನ್ ಮುಂದೆ ಕೂತರೂ ಮೊದಲು ಜೇಬಿನಿಂದ ಗೇಣುದ್ದದ ಬೇವಿನ ಕಡ್ಡಿ ತೆಗೆಯುತ್ತಿದ್ದರು. ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. ಗೊತ್ತಿಲ್ಲದವರು ನೋಡಿದರೆ, ಯಾರೋ ಪುಣ್ಯಾತ್ಮ ಪಂಪ್‌ಸೆಟ್ಟಿನ ಜೊತೆ ಕೂತು ಹಲ್ಲುಜ್ಜುತ್ತಿದ್ದಾನೆ ಅನ್ನಬೇಕು. ಸ್ವಲ್ಪ ಹೊತ್ತಾದ ಮೇಲೆ ಕಡ್ಡಿ ತೆಗೆದು, ನಮ್ಮೂರು ನಂದಗುಡಿಯ ಅರ್ಧಕ್ಕೆ ಕೇಳುವ ದನಿಯಲ್ಲಿ ತೀರ್ಪು ಕೊಡುತ್ತಿದ್ದರು: "ಇದಕ್ಕೆ ಎದೆ ಸರಿಯಿಲ್ಲ ಕಣಪ್ಪಾ, ಬ್ಯಾಡ."

ಅವರು ಇಪ್ಪತ್ತು ವರ್ಷ ಹಿಟ್ಟಿನ ಗಿರಣಿಯಲ್ಲಿ ಆಯಿಲ್ ಇಂಜಿನ್ ನೋಡಿಕೊಂಡವರು. ಗಿರಣಿಗೆ ಕರೆಂಟ್ ಬಂದ ಮೇಲೆ ಇಂಜಿನ್ನೂ ಹೋಯಿತು, ಇವರೂ ಹೊರಗೆ ಬಂದರು. ಆಮೇಲೆ ಹಿಡಿದದ್ದು ಈ ಕೆಲಸ. ಸುತ್ತಮುತ್ತ ಯಾರು ಹಳೇ ಪಂಪು, ಹಳೇ ಇಂಜಿನ್ ಕೊಳ್ಳಲು ಹೊರಟರೂ ಇವರನ್ನು ಕರೆದುಕೊಂಡು ಹೋಗುತ್ತಿದ್ದರು. ಒಂದು ಊಟ, ಒಂದು ಕಟ್ಟು ಬೀಡಿ, ಸುಗ್ಗಿಯಲ್ಲಿ ಒಂದಿಷ್ಟು ರಾಗಿ. ಗಂಡ ಹೆಂಡಿರ ಹೊಟ್ಟೆ ತುಂಬುತ್ತಿದ್ದದ್ದು ಅದರಲ್ಲೇ.

ನನ್ನ ಹೊಟ್ಟೆಯನ್ನು ಅಪ್ಪ ತುಂಬಿಸುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾದ ನನಗೆ ಬರುತ್ತಿದ್ದ ವಿದ್ಯೆ ಒಂದೇ, ಊರಿನವರನ್ನೆಲ್ಲ ಅಣಕಿಸುವುದು. ಶಾನುಭೋಗರು ಸೀನುವುದು, ಪೂಜಾರಿ ಮಂತ್ರ ಮರೆತು ಗೊಣಗುವುದು, ನಾನೇ ರಿಸಲ್ಟ್ ನೋಡಿ ಮನೆಗೆ ಬಂದು ಅಪ್ಪನ ಮುಂದೆ ತೊದಲಿದ್ದು, ಎಲ್ಲ ಟೀ ಅಂಗಡಿ ಮುಂದೆ ನಡೆಯುತ್ತಿತ್ತು. ಜನ ಕೇಳಿ ಕೇಳಿ ಮಾಡಿಸುತ್ತಿದ್ದದ್ದು ಮಾತ್ರ ಮುನಿಶಾಮಪ್ಪನವರನ್ನು. ಯಾರಾದರೂ ಪಕ್ಕದಿಂದ ಮಾತಾಡಿಸಿದರೆ ಅವರು ತಟ್ಟನೆ ತಿರುಗಿ, "ಮುಖ ಕೊಟ್ಟು ಮಾತಾಡು, ನಾನೇನು ನಿನ್ನ ಸಾಲಗಾರನಾ?" ಎನ್ನುತ್ತಿದ್ದರು. ಮುದುಕನಿಗೆ ಎಷ್ಟು ಜಂಬ ಎಂದುಕೊಂಡು ನಾನು ಬಾಯಲ್ಲಿ ಬೀಡಿ ಕಚ್ಚಿ ಆ ಜಂಬವನ್ನೂ ಆ ಗಂಟಲನ್ನೂ ಸೇರಿಸಿ ಅಣಕಿಸುತ್ತಿದ್ದೆ. ಎಷ್ಟೋ ಸಲ ಅವರೇ ಅಲ್ಲಿರುತ್ತಿದ್ದರು. ಎಲ್ಲರ ಜೊತೆ ಅವರೂ ನಗುತ್ತಿದ್ದರು. "ಏನ್ಲಾ ನಕಲಿ, ಚೆನ್ನಾಗಿ ಮಾಡ್ತೀಯ" ಎಂದು ಬೆನ್ನು ತಟ್ಟುತ್ತಿದ್ದರು. ನಾನು ಅದನ್ನು ಸರ್ಟಿಫಿಕೇಟ್ ಎಂದೇ ತಿಳಿದಿದ್ದೆ. ಬೇರೆ ಯಾವುದೂ ಇರಲಿಲ್ಲವಲ್ಲ.

ಆ ವರ್ಷ ಗಾಳಿಗೆ ನಮ್ಮ ಹಿತ್ತಲ ಹುಣಸೆಮರ ಉರುಳಿತು. "ಎರಡು ವರ್ಷದ ಸೌದೆ ಬಿದ್ದೈತೆ, ಸೀಳೋ ಗಂಡಸಿಲ್ಲ" ಎಂದು ಅಮ್ಮ ನನ್ನ ಕಡೆ ನೋಡಿಯೇ ಹೇಳಿದಳು. ನಾನು ಕೊಡಲಿ ಎತ್ತಿದೆ. ಸಂಜೆಯೊಳಗೆ ಮರಕ್ಕೆ ಮೂರು ಗಾಯ, ನನ್ನ ಅಂಗೈಗೆ ಏಳು ಬೊಬ್ಬೆ. ಹೊಸಕೋಟೆಯಲ್ಲಿ ನೀಲಗಿರಿ ಮರ ಕಡಿಸುವ ಕಂಟ್ರಾಕ್ಟರೊಬ್ಬ ತನ್ನ ಹಳೇ ಮಿಷಿನ್ ಗರಗಸಗಳನ್ನು ಮಾರುತ್ತಾನಂತೆ ಎಂದು ಕೇಳಿದ್ದೇ ತಡ, "ನಾನೇ ಹೋಗಿ ತರ್ತೀನಿ" ಎಂದೆ. ಅಪ್ಪ ತಲೆಯೆತ್ತದೆ, "ಮುನಿಶಾಮಪ್ಪ ಬಂದ್ರೆ ಹೋಗು. ಇಲ್ಲಾ ಅಂದ್ರೆ ಕೊಡಲಿ ಐತೆ" ಎಂದರು.

ಕಂಟ್ರಾಕ್ಟರ್ ಶೆಡ್ಡಿನಲ್ಲಿ ಎರಡು ಗರಗಸ ಇದ್ದವು. ಒಂದು ಕೆಂಪಗೆ, ಹೊಸ ಬಣ್ಣ ಬಳಿದುಕೊಂಡು ಮದುವಣಗಿತ್ತಿಯ ಹಾಗೆ ಹಲಗೆ ಮೇಲೆ ಕೂತಿತ್ತು. ಇನ್ನೊಂದು ಮೂಲೆಯಲ್ಲಿ ಜಿಡ್ಡು ಹಿಡಿದು, ಎಳೆಯುವ ಹಗ್ಗಕ್ಕೆ ಎರಡು ಗಂಟು ಹಾಕಿಸಿಕೊಂಡು ಬಿದ್ದಿತ್ತು. ಅಲ್ಲಿನ ಆಳು ಕೆಂಪಿನ ಹಗ್ಗ ಒಂದೇ ಸಲ ಎಳೆದ. ಅದು ಹುಲಿಯ ಹಾಗೆ ಗರ್ಜಿಸಿತು. ನನಗೆ ರೋಮಾಂಚನ. ಆಗಲೇ ಮನಸ್ಸಿನಲ್ಲಿ ಅದನ್ನು ಹೆಗಲ ಮೇಲಿಟ್ಟುಕೊಂಡು ಟೀ ಅಂಗಡಿ ಮುಂದೆ ನಡೆದಿದ್ದೆ.

ಮುನಿಶಾಮಪ್ಪನವರಿಗೆ ಮಾತ್ರ ಸದ್ದಿನ ಗೊಡವೆಯೇ ಇರಲಿಲ್ಲ. ಆ ಆಳು ಹಗ್ಗ ಹಿಡಿಯುವ ಮೊದಲೇ ಇಂಜಿನ್ನಿನ ಮೈ ಮುಟ್ಟಿ ನೋಡಿದ್ದರು. ಈಗ ಅದನ್ನು ಆರಿಸಲು ಕೈಸನ್ನೆ ಮಾಡಿ ಕಂಟ್ರಾಕ್ಟರನ ಎದುರಿಗೆ ನಿಂತರು.

"ಇದನ್ನ ಕೊನೇಲಿ ಓಡಿಸಿದ್ದು ಯಾವಾಗ ಸ್ವಾಮಿ?"

"ಒಂದು ವಾರ ಆಯ್ತು ಯಜಮಾನ್ರೇ. ಈಗಲೇ ನೋಡಿ ನೀವು ಕೇಳಿದ್ದಕ್ಕೆ ತೆಗೆದದ್ದು."

"ನಾವು ಬರೋವಾಗ್ಲೇ ಮೈ ಸುಡ್ತಿತ್ತು," ಎಂದರು ಮುನಿಶಾಮಪ್ಪ. "ಹಂಗಾದ್ರೆ ಜ್ವರ ಬಂದಿರ್ಬೇಕು."

ಆಳು ಬೇರೆ ಕಡೆ ನೋಡಿದ. ಅವರು ನನ್ನ ಕಡೆ ತಿರುಗಿ, "ತಣ್ಣಗಿರೋವಾಗ ಏಳದ ಮಿಷಿನ್ನ ಬಿಸಿ ಮಾಡಿಟ್ಟು ಮಾರ್ತಾರೆ ಕಣ್ಲಾ. ನಿಮ್ಮವ್ವ ಬೆಳಗಿನ ಚಳೀಲಿ ಸೌದೆ ಕೇಳಿದ್ರೆ ಇದಕ್ಕೆ ಮೊದ್ಲು ಕಷಾಯ ಕುಡಿಸ್ತೀಯಾ?" ಎಂದರು. ಆಮೇಲೆ ಮೂಲೆಯ ಜಿಡ್ಡಿನ ಗರಗಸದ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಚೈನನ್ನು ಬೆರಳಲ್ಲಿ ಸರಿಸುತ್ತ, ಎತ್ತಿಗೆ ನೋಡುವ ಹಾಗೆ ಒಂದೊಂದೇ ಹಲ್ಲು ನೋಡತೊಡಗಿದರು.

ಶೆಡ್ಡಿನ ಕೂಲಿಯವರು ನಾಲ್ಕು ಜನ ಎದುರಿಗೆ ನಿಂತಿದ್ದರು. ನಾಲ್ಕು ಜನ ನಿಂತರೆ ನನ್ನ ನಾಲಿಗೆ ನಿಲ್ಲುವುದಿಲ್ಲ. ಮುನಿಶಾಮಪ್ಪನವರ ಬೆನ್ನ ಹಿಂದೆ ನಿಂತು ಬೀಡಿ ಕಚ್ಚಿ ಅವರದೇ ದನಿಯಲ್ಲಿ, "ಇದಕ್ಕೆ ಕೆಮ್ಮು ಐತೆ ಕಣಪ್ಪಾ, ದೊಡ್ಡಾಸ್ಪತ್ರೆಗೆ ಬರಕೊಡ್ತೀನಿ" ಎಂದೆ. ಕೂಲಿಯವರು ನಕ್ಕರು. ಮುದುಕ ತಿರುಗಲಿಲ್ಲ. ಇನ್ನೂ ಹತ್ತಿರ ಬಗ್ಗಿ, ಇನ್ನೂ ಜೋರಾಗಿ ಮಾಡಿದೆ. ಅವರ ಕಿವಿಗೂ ನನ್ನ ಬಾಯಿಗೂ ಒಂದು ಮೊಳವಿತ್ತು. ಅವರು ಹಲ್ಲು ಎಣಿಸುತ್ತಲೇ ಇದ್ದರು. ಕೂಲಿಯವರ ನಗು ನಿಂತುಹೋಯಿತು. ಅವರಿಗೆ ಅರ್ಥವಾದದ್ದು ನನಗೆ ಅರ್ಥವಾಗಲು ಇನ್ನೊಂದು ಗಳಿಗೆ ಬೇಕಾಯಿತು. ಎರಡು ಸಲ ಫೇಲಾದದ್ದು ಸುಮ್ಮನೆ ಅಲ್ಲ.

ಅವರು ತಲೆಯೆತ್ತಿ ಕೂಲಿಯವರ ಮುಖ ನೋಡಿದರು, ತಿರುಗಿ ನನ್ನ ಮುಖ ನೋಡಿದರು. ಜಿಡ್ಡಿನ ಗರಗಸದ ಹಗ್ಗ ಎಳೆಯಲು ಸನ್ನೆ ಮಾಡಿದರು. ಆರು ಸಲ ಕೆಮ್ಮಿ ಏಳನೆಯದಕ್ಕೆ ಅದು ಎದ್ದಿತು. ಕಡ್ಡಿ ಕಚ್ಚಿ ಕಣ್ಣು ಮುಚ್ಚಿದರು. "ಇದ್ನ ತಗೋ. ಎದೆ ಗಟ್ಟಿ ಐತೆ."

ವಾಪಸ್ಸು ಬಸ್ಸಿನಲ್ಲಿ ಗರಗಸವನ್ನು ಗೋಣಿಚೀಲದಲ್ಲಿ ಕಾಲ ಮಧ್ಯೆ ಇಟ್ಟುಕೊಂಡು ಕೂತಿದ್ದೆವು. ಅವರು ಮೊದಲ ಸಲ ಮೆಲ್ಲಗೆ ಮಾತಾಡಲು ನೋಡಿದರು. ಆಗಲೂ ಮುಂದಿನ ಸೀಟಿನವನು ತಿರುಗಿ ನೋಡಿದ.

"ಗಿರಣಿ ತಿಂದ್ಬಿಡ್ತು ಕಣಪ್ಪಾ ಕಿವೀನ. ಕಡ್ಡಿ ಕಚ್ಚಿದ್ರೆ ಹಲ್ಲಿಗೆ ಒಸಿ ಸದ್ದು ಬತ್ತದೆ, ಅದ್ರಲ್ಲೇ ಕಾಲ ಹಾಕ್ತಿದೀನಿ. ಕಿವುಡ ಅಂತ ಗೊತ್ತಾದ್ರೆ ಯಾರು ಮಿಷಿನ್ ನೋಡಕ್ಕೆ ಕರೀತಾರೆ? ಊರಿಗೆ ಹೇಳ್ಬ್ಯಾಡ."

ನಾನು ಅವರ ಮುಖಕ್ಕೆ ಮುಖ ಕೊಟ್ಟು, "ಇಲ್ಲ ಮಾವ" ಎಂದೆ. "ನೀವು ಅಷ್ಟೊಂದು ನಗ್ತಿದ್ರಲ್ಲ, ನಾನು ಮಾಡೋವಾಗ?"

"ಎಲ್ರೂ ನಗ್ತಿದ್ರು, ನಾನೂ ನಗ್ತಿದ್ದೆ. ಒಂದಕ್ಸರ ಕೇಳ್ಲಿಲ್ಲ."

ನನ್ನ ಸರ್ಟಿಫಿಕೇಟಿನ ಗತಿ ಅಷ್ಟಾಯಿತು.

ಗರಗಸ ಮಾತ್ರ ಚೆನ್ನಾಗಿ ನಡೆಯಿತು. ಮೊದಲ ದಿನವೇ ಹುಣಸೆ ದಿಮ್ಮಿಗಳ ಜೊತೆ ಹಸು ಕಟ್ಟುವ ಗೂಟವನ್ನೂ ಕತ್ತರಿಸಿದೆ. ಸದ್ದಿಗೆ ಬೆದರಿ ಕೋಳಿಗಳು ಒಂದು ವಾರ ಮೊಟ್ಟೆ ಇಡಲಿಲ್ಲ. "ಇದಕ್ಕಿಂತ ನಿನ್ನ ಬಾಯೇ ವಾಸಿ" ಎಂದಳು ಅಮ್ಮ. ಕಷ್ಟವಾದದ್ದು ಆ ಬಾಯಿಗೇ. ಟೀ ಅಂಗಡಿಯಲ್ಲಿ "ಲೇ, ಮುನಿಶಾಮಪ್ಪನ್ನ ಮಾಡೋ" ಎಂದು ದುಂಬಾಲು ಬೀಳುತ್ತಿದ್ದರು. "ಮರೆತೋಯ್ತು ಗುರು" ಎಂದು ಪೂಜಾರಿಯನ್ನು ಮಾಡುತ್ತಿದ್ದೆ. ಜಂಬದ ಹಿಂದಿನ ಸಂಗತಿ ತಿಳಿದ ಮೇಲೆ ಆ ಪಾತ್ರ ಇನ್ನೂ ಚೆನ್ನಾಗಿ ಬರುತ್ತದೆ ಎಂದು ನನಗೆ ಗೊತ್ತಿತ್ತು, ಸಂಕಟ ಅದೇ. ತಡೆಯಲಾರದಾಗ ತೋಟಕ್ಕೆ ಹೋಗಿ ಬಾವಿಕಟ್ಟೆ ಮೇಲೆ ನಿಂತು ಒಬ್ಬನೇ ಮಾಡಿಕೊಂಡು ಬರುತ್ತಿದ್ದೆ. ಜೀವನದಲ್ಲಿ ನಾನು ಕಾಪಾಡಿದ ಗುಟ್ಟು ಅದೊಂದೇ. ಮೂರು ವರ್ಷ ಅವರನ್ನು ಜನ ಕರೆಯುತ್ತಲೇ ಇದ್ದರು.

ಈ ಸುಗ್ಗಿಯ ಹೊತ್ತಿಗೆ ಅವರು ಹೋದರು. ಕೊನೆಯ ಸಲ ನೋಡಿದ್ದು ಅದಕ್ಕೆ ಹದಿನೈದು ದಿನ ಮೊದಲು, ಅವರ ಜಗಲಿಯ ಮೇಲೆ. ಕಾಲು ಊದಿತ್ತು, ದನಿ ಹಾಗೇ ಇತ್ತು.

"ಲೇ ನಕಲಿ, ನನ್ನ ಮಾಡೋದು ಬಿಟ್ಬಿಟ್ಟಿದ್ದೀಯಂತೆ. ಒಂದ್ಸಲ ಮಾಡು."

ನಾನು ಬೇಡವೆಂದೆ. ಅವರು ಬೇವಿನ ಕಡ್ಡಿ ತೆಗೆದು ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ನನ್ನ ದವಡೆಗೆ ಆನಿಸಿ ಕಣ್ಣು ಮುಚ್ಚಿದರು. ತಪ್ಪಿಸಿಕೊಳ್ಳುವಂತಿರಲಿಲ್ಲ. "ಮುಖ ಕೊಟ್ಟು ಮಾತಾಡು" ಎಂದು ಶುರುಮಾಡಿ, ಕೆಂಪು ಗರಗಸದ ಎದುರು ಅವರು ಆಡಿದ್ದನ್ನೆಲ್ಲ ಅವರದೇ ಗಂಟಲಲ್ಲಿ ಆಡಿದೆ. ಮುಗಿದಾಗ ಬೆವರುತ್ತಿದ್ದೆ. ಅವರು ಕಡ್ಡಿ ತೆಗೆದು ಅಂಗೈಯನ್ನು ನನ್ನ ಕೆನ್ನೆಗಿಟ್ಟರು.

"ಬಿಸಿ ಐತೆ. ಯಾರಿಗೋ ಓಡ್ಸಿ ತೋರ್ಸಿದೀಯ."

"ಇಲ್ಲ ಮಾವ. ಯಾರಿಗೂ ಇಲ್ಲ."

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

"ಹಂಗಾದ್ರೆ ಜ್ವರ ಬಂದಿರ್ಬೇಕು," ಎಂದು ನಕ್ಕರು. ಆ ಸಲ ಕೇಳಿಸಿಕೊಂಡೇ ನಕ್ಕರು.